ಭೂಮಿಗಿಳಿಯದ ತಂತಿ

ಕರೆಂಟ್ ಆಫೀಸಿನಿಂದ ತಪಾಸಣೆಗೆ ಬರುತ್ತಾರೆಂದು ನಿತ್ಯಾನಂದ ಬೆಳಿಗ್ಗೆ ಎದ್ದವನೇ ಮನೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಒರೆಸಿದ. ಒರೆಸುವಂಥ ಕೊಳೆಯೇನೂ ಇರಲಿಲ್ಲ. ಆದರೂ ಪ್ರತಿ ಬೋರ್ಡಿನ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಅದರ ಮೇಲಂಚೂ ಬಾಗಿಲ ಚೌಕಟ್ಟಿನ ಅಡ್ಡಪಟ್ಟಿಯೂ ಒಂದಕ್ಕೊಂದು ಸರಿಯಾಗಿ ಓಡಿವೆಯೇ ಎಂದು ನೋಡಿದ. ಓಡಿದ್ದವು. ಮನೆ ಕಟ್ಟಿದ ವರ್ಷ ಬೇಸಿಗೆ ರಜೆಯಿಡೀ ಏಣಿ ಹತ್ತಿ ಇಳಿದು, ಬೆವರು ಕಣ್ಣಿಗಿಳಿದರೂ ಬಿಡದೆ, ಕೈಯಾರೆ ಎಳೆದ ವೈರಿಂಗು ಇದು. ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದ ಅವನಿಗೆ ಎಲ್ಲಾದರೂ ಗೆರೆ ಸೊಟ್ಟಗಾದರೆ ತಿದ್ದದೆ ಮುಂದೆ ಹೋಗಲಾಗುತ್ತಿರಲಿಲ್ಲ. ಪಕ್ಕದ ಮನೆಗೆ ಕುಮಟೆಯಿಂದ ಬಂದ ವೈರ್‌ಮನ್ ಗೋಡೆಯ ಮೇಲೆ ಹೊಡೆದ ಪಟ್ಟಿಗಳನ್ನು ನೋಡಿ, ಇಂಥವನ ಕೈಗೆ ಮನೆ ಒಪ್ಪಿಸುವುದಕ್ಕಿಂತ ತಾನೇ ಮಾಡಿಕೊಳ್ಳುವುದು ಲೇಸೆಂದು ಹೊರಟವನು. ಹಾರ್ಡ್‌ವೇರ್ ಅಂಗಡಿಯವನನ್ನು ಕೇಳಿದ, ಅವರಿವರು ಮಾಡುವುದನ್ನು ನಿಂತು ನೋಡಿದ, ಅಷ್ಟೇ. ಕೆಲಸ ಕೈಗೆ ಹತ್ತಿತು. ಯಾರೋ ಗುತ್ತಿಗೆದಾರ ಮನೆಯ ಮುಖವನ್ನೂ ನೋಡದೆ ಸಹಿ ಹಾಕಿಕೊಟ್ಟಿದ್ದ, ಮೀಟರು ಬಂದಿತ್ತು. ಗೃಹಪ್ರವೇಶಕ್ಕೆ ಬಂದವರೆಲ್ಲ ಬೋರ್ಡುಗಳ ಮೇಲೆ ಕೈಯಾಡಿಸಿ, ಮಾಸ್ತರೇ, ಫೋಟೋ ತೆಗೆದಿಡುವ ಹಾಗಿದೆ, ಎಂದಿದ್ದರು.

ಈ ಹೊತ್ತಿಗೆ ಅದನ್ನು ನೆನೆದರೂ ಮನಸ್ಸು ಕುಳಿತಲ್ಲಿ ಕೂರುತ್ತಿರಲಿಲ್ಲ. ಬೆಳಿಗ್ಗೆ ಅವನು ಮೀಯಲು ಹೋದ ಕೂಡಲೇ ಎಂದಿನಂತೆ ಕರೆಂಟು ಹೋಗಿತ್ತು. ಸೋಪು ಮೆತ್ತಿದ ಮುಖದಲ್ಲೇ ಕತ್ತಲಲ್ಲಿ ತಡಕಾಡಿ, ಚೊಂಬು ಬೀಳಿಸಿ, ಕರೆಂಟ್ ಆಫೀಸಿನವರ ಕುಲವನ್ನೆಲ್ಲ ಶಪಿಸಿ ಹೊರಬಂದಿದ್ದ. ದಿನಾ ಹೀಗೇ. ಹೆಂಡತಿ ನೇತ್ರಾ ಮೀಯುವಾಗಲೂ ಅಷ್ಟೇ, ನೆಂಟರು ಬಂದಾಗಲೂ ಅಷ್ಟೇ. ಮೈ ಒರೆಸಿಕೊಂಡು ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಫ್ಯಾನು ತಿರುಗತೊಡಗುತ್ತಿತ್ತು. ಇವತ್ತು ಬರುವ ಆಫೀಸರನ ಮುಂದೆ ಇದನ್ನು ಎತ್ತಿಯೇ ಬಿಡಬೇಕೆಂದು ನಿಶ್ಚಯಿಸಿಕೊಂಡ. ಜಗುಲಿಯ ಮೇಲೆ ಮೇನ್ ಸ್ವಿಚ್ಚಿನ ಕೆಳಗೆ ತನ್ನ ಮಣೆ ಹಾಕಿಕೊಂಡು ತಾಯಿ ಸಣ್ಣಮ್ಮ ಅಡಿಕೆ ಕತ್ತರಿಸುತ್ತ ಕೂತಿದ್ದಳು. ಗಾಳಿ ಬಾರದ ಆ ಮೂಲೆಯಲ್ಲಿ ಯಾಕೆ ಕೂರುತ್ತೀ ಎಂದರೆ, ಇಲ್ಲಿಂದ ರಸ್ತೆ ಕಾಣ್ತದೆ, ಎನ್ನುವಳು. ಪಕ್ಕದ ಮಾಡಿನಡಿ ನೀಲಿ ತಾಡಪಾಲು ಹೊದ್ದು ನೇತ್ರಾಳ ಹಿಟ್ಟಿನ ಗಿರಣಿ ನಿಂತಿತ್ತು. ಅವಳೂ ಅವಳ ಸಂಘದ ಹೆಂಗಸರೂ ಸೇರಿ ತರಿಸಿದ್ದು. ಅದು ತಿರುಗಬೇಕಾದರೆ ಹೆಚ್ಚಿನ ಕರೆಂಟು ಬೇಕು, ಅದಕ್ಕೆ ಮನೆಯ ವೈರಿಂಗಿನ ತಪಾಸಣೆಯಾಗಬೇಕು. ನೇತ್ರಾ ಬೆಳಗಿನಿಂದ ಮಾತಾಡಿರಲಿಲ್ಲ. ಗಿರಣಿಯ ಚಿಂತೆ ಇರಬೇಕೆಂದುಕೊಂಡು, "ನಮ್ಮನೆ ವೈರಿಂಗ್ ನೋಡಿ ಅವರೇ ಕಲಿತು ಹೋಗ್ತಾರೆ, ನೋಡ್ತಾ ಇರು," ಎಂದ. ಅವಳು ಅವನ ಕಡೆ ನೋಡಿದಳು, ಮತ್ತೆ ದೋಸೆಯ ಕಡೆ ನೋಡಿದಳು.

ಜೀಪಿನಿಂದ ಇಳಿದವಳು ಹುಡುಗಿ. ನೀಲಿ ಚೂಡಿದಾರ, ಕೈಯಲ್ಲೊಂದು ಚಿಕ್ಕ ಯಂತ್ರ. ಹಿಂದೆ ಲೈನ್‌ಮನ್ ತಿಮ್ಮ. ಹುಡುಗಿ ಚಪ್ಪಲಿ ಬಿಡುತ್ತಲೇ ಕೈಮುಗಿದು, "ಸರ್, ನಾನು ವಿನುತಾ. ಎಂಟನೇ ಕ್ಲಾಸಿನಲ್ಲಿ ನಿಮ್ಮ ಕೈಯಲ್ಲಿ ಡ್ರಾಯಿಂಗ್ ಕಲಿತವಳು. ಈಗ ಇಲ್ಲೇ ಇಂಜಿನಿಯರ್," ಎಂದಳು. ಅವನಿಗೆ ಹಿಗ್ಗಾಯಿತು. ಕೊನೇ ಬೆಂಚಿನ ಹುಡುಗಿ; ಕೊಡ ಬಿಡಿಸಿದರೆ ಕೊಡದ ಒಂದು ಬದಿ ಊದಿ ಇನ್ನೊಂದು ಬತ್ತಿರುತ್ತಿತ್ತು. ಒಮ್ಮೆ ತಾಲೂಕಿನ ಸ್ಪರ್ಧೆಗೆ ಕಳಿಸುವಾಗ ಅವಳ ಚಿತ್ರವನ್ನು ಅವನೇ ಅಳಿಸಿ ಅಳಿಸಿ ತಿದ್ದಿ, ಕೊನೆಗೆ ಅವಳದೆಂಬ ಗೆರೆಯೊಂದೂ ಅದರಲ್ಲಿ ಉಳಿಯದೆ, ಆ ಚಿತ್ರಕ್ಕೆ ಬಹುಮಾನ ಬಂದಿತ್ತು. ಬಹುಮಾನದ ತಟ್ಟೆಯನ್ನು ಅವಳು ಸ್ಟಾಫ್ ರೂಮಿಗೆ ತಂದು, ಇದು ನಿಮ್ಮದು ಸರ್, ಎಂದು ಮೇಜಿನ ಮೇಲಿಟ್ಟು ಹೋಗಿದ್ದಳು. ಎಷ್ಟು ವಿನಯದ ಮಗು ಎಂದು ಆಗ ಅವನಿಗೆ ಅನಿಸಿತ್ತು. ಈಗ ಅದೇ ಮಗುವಿನ ಮುಂದೆ ಕುರ್ಚಿ ಎಳೆದಿಟ್ಟು, ಮೊದಲಿಗೇ ದೂರು ಎತ್ತಿದ. "ಬೆಳಗ್ಗೆ ಮೀಯೋ ಹೊತ್ತಿಗೇ ಕರೆಂಟು ತೆಗೀತೀರಲ್ಲಮ್ಮ, ಇದೆಂಥ ಪದ್ಧತಿ?"

"ಬೆಳಿಗ್ಗೆ ಈ ಲೈನಿನಲ್ಲಿ ತೆಗೆಯುವುದೇ ಇಲ್ಲ ಸರ್."

"ದಿನಾ ಹೋಗ್ತದೆ."

"ಪಕ್ಕದ ಮನೆಯಲ್ಲೂ ಹೋಗ್ತದಾ?"

ಅವನು ಅದನ್ನು ಎಂದೂ ನೋಡಿರಲಿಲ್ಲ. ಸಣ್ಣಮ್ಮ ಅಡಿಕೆಯ ತಟ್ಟೆ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದಳು.

ವಿನುತಾ ಮೊದಲು ಬೋರ್ಡುಗಳನ್ನು ನೋಡಿದಳು. "ನೋಡಲಿಕ್ಕೆ ಭಾರೀ ಚಂದ ಮಾಡಿದ್ದೀರಿ ಸರ್," ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಹಾಗಾಗಿಯೇ ಆಮೇಲೆ ಅದು ಅವನ ಕಿವಿಯಲ್ಲಿ ಉಳಿದುಹೋಯಿತು. ತಿಮ್ಮ ಮೇನ್ ಬೋರ್ಡಿನ ಮುಚ್ಚಳ ಬಿಚ್ಚಿದ. ಎಲ್ಲಾದರೂ ಕರೆಂಟು ಸೋರಿದರೆ ತಾನಾಗಿಯೇ ಬಿದ್ದು ಮನೆಯವರನ್ನು ಉಳಿಸುವ ಸ್ವಿಚ್ಚೊಂದು ಅಲ್ಲಿತ್ತು. ಇದ್ದದ್ದು ಬರೀ ಆಕಾರಕ್ಕೆ. ಅದರ ಎರಡೂ ಬದಿಯ ತಂತಿಗಳನ್ನು ಬಿಡಿಸಿ, ಹಿಂದಿನಿಂದ ನೇರ ಒಂದಕ್ಕೊಂದು ಸೇರಿಸಿ, ಮೇಲೆ ಟೇಪು ಸುತ್ತಿತ್ತು. "ಇದನ್ನು ತಪ್ಪಿಸಿದ್ದು ಯಾಕೆ ಸರ್?" ಎಂದಳು. "ಸುಮ್ಮಸುಮ್ಮನೆ ಬೀಳ್ತಿತ್ತು. ಗೀಸರ್ ಹಾಕಿದ್ರೆ ಸಾಕು, ಟಪ್ ಅಂತ ಬೀಳುದು. ಕಂಪನಿ ಮಾಲೇ ಸರಿ ಇಲ್ಲ," ಎಂದ. ಹಾಗೆನ್ನುವಾಗಲೇ ತನ್ನ ಮಾತು ತನಗೇ ಯಾರೋ ಹೇಳಿಕೊಟ್ಟ ಸುಳ್ಳಿನ ಹಾಗೆ ಕೇಳಿಸಿತು. ಅವಳು ಬಚ್ಚಲಿನ ಕಡೆ ನಡೆದಳು. ತಿಮ್ಮ ಗೀಸರಿನ ಸ್ವಿಚ್ಚು ಹಾಕಿ, ಜೇಬಿನಿಂದ ಟೆಸ್ಟರು ತೆಗೆದು, ಹಿತ್ತಾಳೆಯ ನಲ್ಲಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯೊಳಗೆ ಕೆಂಪು ಕಿಡಿ ಹೊತ್ತಿ, ಹಾಗೆಯೇ ನಿಂತಿತು.

ಆ ಕಿಡಿಯನ್ನು ನೋಡುತ್ತ ನಿತ್ಯಾನಂದ ಮನಸ್ಸಿನಲ್ಲಿ ಮತ್ತೆ ಕುಮಟೆಯ ದವಾಖಾನೆಯ ಬೆಂಚಿನ ಮೇಲಿದ್ದ. ಪಕ್ಕದಲ್ಲಿ ಸಣ್ಣಮ್ಮ, ಅವನ ಆಯಿ, ಮಡಿಲಲ್ಲಿ ಕೈಚೀಲ. ನಲ್ಲಿ ಕಚ್ತದೆ ಮಗಾ, ಎಂದು ಅವಳು ಹೇಳತೊಡಗಿ ಎಷ್ಟೋ ಕಾಲವಾಗಿತ್ತು. ಮೊದಲು ನಕ್ಕಿದ್ದ. ನಲ್ಲಿ ಕಚ್ಚಲಿಕ್ಕೆ ಅದು ನಾಯಿಯಾ, ಎಂದಿದ್ದ. ಆಮೇಲೆ ಅದು ನರದ ದೋಷವೆಂದು ತಾನೇ ನಿರ್ಧರಿಸಿ, ಡಾಕ್ಟರರಿಗೂ ತಾನೇ ವಿವರಿಸಿ, ಮಾತ್ರೆ ಬರೆಸಿಕೊಂಡು ಬಂದಿದ್ದ. ಡಾಕ್ಟರರು ಕೇಳಿದಾಗ ಆಯಿ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಕೊಟ್ಟದ್ದೂ ತಾನೇ. ವಯಸ್ಸಾತಲ್ಲ, ಕೈ ಜುಮ್ಮೆನ್ನುತ್ತದೆ, ಎಂದು. ಮಾತ್ರೆ ನುಂಗಿದಿಯಾ ಆಯಿ, ಎಂದು ದಿನಾ ರಾತ್ರಿ ಪ್ರೀತಿಯಿಂದ ವಿಚಾರಿಸುತ್ತಿದ್ದ. ಅವಳು ನುಂಗುತ್ತಿದ್ದಳು. ಈಚೆಗೆ ಕಚ್ತದೆ ಎನ್ನುವುದನ್ನು ಬಿಟ್ಟಿದ್ದಳು. ಮಾತ್ರೆ ಹಿಡಿದಿದೆ ಎಂದು ಅವನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದ. ತಿಮ್ಮ ಟೆಸ್ಟರು ತೆಗೆದ. ಕಿಡಿ ಆರಿತು. ನಿತ್ಯಾನಂದ ತಿರುಗಿ ನೋಡಿದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಆಯಿ ನಿಂತಿದ್ದಳು. ಅವಳ ಮುಖದಲ್ಲಿ ಬೆರಗಿರಲಿಲ್ಲ, ಗೆದ್ದ ಕಳೆಯೂ ಇರಲಿಲ್ಲ. ಅವಳು ಮುಖ ಆಚೆ ತಿರುಗಿಸಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳು ಅವಳೇ ಎಂಬಂತೆ.

"ಭೂಮಿಗೆ ಕೊಟ್ಟದ್ದು ಎಲ್ಲಿ ಸರ್?" ವಿನುತಾಳ ದನಿ ಮೆತ್ತಗಿತ್ತು. ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಹಸಿರು ತಂತಿ ಮನೆಯ ಎಲ್ಲ ಕೋಣೆಗಳಲ್ಲೂ ಇತ್ತು. ಅದನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಎಳೆದಿದ್ದನೆಂದರೆ ಎಲ್ಲಿಯೂ ಒಂದು ತಿರುಚು ಇರಲಿಲ್ಲ. ಎಲ್ಲವೂ ಬಂದು ಸೇರುವುದು ಹಿಂದಿನ ಗೋಡೆಗೆ. ಅಲ್ಲಿಂದಾಚೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕೊಳವೆ ಇಳಿಸಬೇಕಾಗಿತ್ತು. ಆಗ ಮಳೆ ಹಿಡಿದಿತ್ತು. ಕೆಳಗೆ ಚಿರೆಕಲ್ಲು, ಹಾರೆ ಇಳಿಯುತ್ತಿರಲಿಲ್ಲ. ಮಳೆಗಾಲ ಮುಗಿಯಲಿ ಎಂದುಕೊಂಡು ತಂತಿಯ ತುದಿಯನ್ನು ಮಡಚಿ ಗೋಡೆಯೊಳಗೆ ಸೇರಿಸಿ, ಕಾಣಬಾರದೆಂದು ಮೇಲೆ ಸಿಮೆಂಟಿನ ಗಿಲಾಯ ಎಳೆದು, ಸುಣ್ಣ ಹಚ್ಚಿದ್ದ. ಗೋಡೆ ನಯವಾಗಿತ್ತು. ನಯವಾದದ್ದರಿಂದಲೇ ಅವನು ಮರೆತಿದ್ದ. ತಿಮ್ಮ ಉಳಿಯಿಂದ ಕೆತ್ತಿದಾಗ ತಂತಿಯ ತುದಿ ಹೊರಬಂತು. ಹಾಕುವಾಗ ಹೇಗಿತ್ತೋ ಹಾಗೆಯೇ, ಹೊಚ್ಚ ಹೊಸ ಹಸಿರು.

"ಮಾಸ್ತರೇ," ಎಂದ ತಿಮ್ಮ, ಉಳಿ ಕೆಳಗಿಡುತ್ತ, "ನಿಮ್ಮ ಮನೆ ದೇವರು ದೊಡ್ಡವ."

ವಿನುತಾ ಗಿರಣಿಯ ಕಡೆ ಒಮ್ಮೆ ನೋಡಿದಳು. "ಇದಕ್ಕೆ ಈಗ ಒಪ್ಪಿಗೆ ಕೊಡಲಿಕ್ಕೆ ಆಗುವುದಿಲ್ಲ ಸರ್. ಮನೆಯ ಕನೆಕ್ಷನ್ನೂ ತೆಗೀಬೇಕು, ಈಗಲೇ. ಲೈಸೆನ್ಸ್ ಇದ್ದವರನ್ನು ಕರೆಸಿ ಎಲ್ಲ ಹೊಸದಾಗಿ ಮಾಡಿಸಿ. ಮಾಡಿಸಿದ ದಿನವೇ ನಾನು ಬಂದು ನೋಡ್ತೇನೆ." ಸರ್ ಎನ್ನುವುದನ್ನು ಅವಳು ಒಂದು ಸಲವೂ ಬಿಡಲಿಲ್ಲ. ಬಿಟ್ಟಿದ್ದರೆ ಸಿಟ್ಟಾಗಬಹುದಿತ್ತು. ತಿಮ್ಮ ಕಂಬ ಹತ್ತಿದ. ರಸ್ತೆಯಲ್ಲಿ ಹೋಗುತ್ತಿದ್ದ ನಾಗಿ ಮೀನಿನ ಬುಟ್ಟಿ ಇಳಿಸಿ ಮೇಲೆ ನೋಡುತ್ತ ನಿಂತಳು. "ಮಾಸ್ತರ್ರ ಮನೆದು ಎಂತಕ್ಕೆ ತೆಗಿತ್ರು?" ಎಂದು ಗಟ್ಟಿಯಾಗಿ ಕೇಳಿದಳು. ಒಳಗೆ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಇಷ್ಟು ವರ್ಷ ಅದು ಸದ್ದು ಮಾಡುತ್ತಿತ್ತೆಂದು ಅದು ನಿಂತಾಗಲೇ ಅವನಿಗೆ ಗೊತ್ತಾದದ್ದು.

ಜೀಪು ಹೋದ ಮೇಲೆ ಅಂಗಳದಲ್ಲಿ ನಿಂತವನಿಗೆ ಇನ್ನೊಂದು ಬಚ್ಚಲು ಕಣ್ಣ ಮುಂದೆ ಬಂತು. ಭಟ್ಕಳದಲ್ಲಿ ಬಂದರಿನ ಕಡೆ ಹೋಗುವ ದಾರಿಯಲ್ಲಿ ತಂಗಿ ದೀಪಾಳ ಮನೆ. ಅಲ್ಲಿಯ ವೈರಿಂಗೂ ಅವನದೇ. ಅದೇ ಹಸಿರು ತಂತಿ, ಅದೇ ನಯವಾದ ಗೋಡೆ, ಗುಂಡಿಯ ಮಾತೇ ಇಲ್ಲ. ಫೋನು ಮಾಡಿದ, ದೀಪಾ ಎತ್ತಲಿಲ್ಲ. ಮತ್ತೆ ಮಾಡಿದ. ರಿಂಗಾಗಿ ಆಗಿ ನಿಂತಿತು. ಅವಳ ಗಂಡ ರೂಪೇಶನಿಗೆ ಮಾಡಲು ಹೆಬ್ಬೆರಳು ಹಿಂಜರಿಯಿತು. ಏನೆಂದು ಹೇಳುವುದು? ಸ್ಕ್ರೂಡ್ರೈವರು, ಟೆಸ್ಟರು ಇದ್ದ ಚೀಲ ಎತ್ತಿಕೊಂಡು, ಒಳಗೆ ಯಾರಿಗೂ ಹೇಳದೆ ಹೆದ್ದಾರಿಗೆ ನಡೆದ. ಹೊನ್ನಾವರದಲ್ಲಿ ಬಸ್ಸು ಬದಲಿಸುವಾಗ ಇಡಗುಂಜಿಗೆ ಹೋಗುವ ಯಾತ್ರಿಕರು ಬಾಳೆಗೊನೆ ಹಿಡಿದು ಒಳನುಗ್ಗಿದರು. ಅವನಿಗೆ ಕಂಬಿ ಹಿಡಿದು ನಿಲ್ಲುವ ಜಾಗ ಸಿಕ್ಕಿತು. ಕಬ್ಬಿಣದ ಕಂಬಿ. ಕೈ ಇಟ್ಟವನು ತಟಕ್ಕನೆ ತೆಗೆದ. ಮತ್ತೆ ನಾಚಿಕೊಂಡು ಹಿಡಿದ. ಶರಾವತಿಯ ಸೇತುವೆಯ ಮೇಲೆ ಗಾಳಿ ಜೋರಾಗಿ ನುಗ್ಗಿ ಬಸ್ಸಿನ ತುಂಬ ಹೂವಿನ ವಾಸನೆ, ಮೀನಿನ ವಾಸನೆ ಕಲಸಿಹೋಯಿತು. ದೀಪಾ ಈಗ ಮೀಯುತ್ತಿರಬಹುದು. ಇಲ್ಲ, ಇಷ್ಟು ಹೊತ್ತಿಗೆ ಮಿಂದಾಗಿರುತ್ತದೆ. ಬಟ್ಟೆ ಒಗೆಯುತ್ತಿರಬಹುದು, ಒದ್ದೆ ಕಾಲು, ಒದ್ದೆ ಕೈ, ಅದಕ್ಕೇ ಫೋನು ಎತ್ತಿಲ್ಲ. ಒದ್ದೆ ಕೈಯಿಂದ ನಲ್ಲಿ ತಿರುಗಿಸುತ್ತಾಳೆ. ಮುಂದಿನದನ್ನು ಅವನ ಮನಸ್ಸು ಬಿಡಿಸಲು ಹೋಗಿ ಪ್ರತಿಸಲವೂ ಅಲ್ಲಿಗೇ ನಿಲ್ಲುತ್ತಿತ್ತು.

ಆ ಮನೆ ಕಟ್ಟಿಸುವಾಗ ರೂಪೇಶ, ಭಟ್ಕಳದಲ್ಲೇ ಗುರುತಿನ ಗುತ್ತಿಗೆದಾರ ಇದ್ದಾನೆ ಭಾವ, ಎಂದಿದ್ದ. ಮನೆಯವ ನಾನಿರುವಾಗ ಹೊರಗಿನವ ಯಾಕೆ, ಎಂದು ಇವನು. ಮೀನಿನ ಲಾರಿ ಓಡಿಸುವ ರೂಪೇಶ ಮಾತು ಕಡಿಮೆಯ ಮನುಷ್ಯ. ಸರಿ ಎಂದಿರಲಿಲ್ಲ, ಬೇಡವೆಂದೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಒಮ್ಮೆ, ನಡುಮನೆಯ ಫ್ಯಾನು ಸ್ವಲ್ಪ ತೂಗಾಡ್ತದೆ ಭಾವ, ಎಂದಿದ್ದ, ಅದೂ ನಗುತ್ತ. ಫ್ಯಾನು ಅವತ್ತೇ ಬಿಚ್ಚಿ ಸರಿ ಮಾಡಿ ಬಂದಿದ್ದ ನಿತ್ಯಾನಂದ. ಆಮೇಲೆ ಚೌತಿಗೆ ಹೋಗಲಾಗಲಿಲ್ಲ, ಶಾಲೆಯಲ್ಲಿ ಕೆಲಸವಿತ್ತು. ದೀಪಾವಳಿಗೂ ಹೋಗಲಾಗಲಿಲ್ಲ. ಮರುವರ್ಷ ರೂಪೇಶನೇ ಮನೆಗೆ ಬಂದು, ಫ್ಯಾನು ಈಗ ಭಾರೀ ಚಲೋ ತಿರುಗ್ತದೆ, ಎಂದು ಕರೆದ ಮೇಲೆ ಹೋಗಿದ್ದ. ಶಾಲೆಯಲ್ಲಿ ನಿಜಕ್ಕೂ ಕೆಲಸವಿತ್ತೇ? ಬಸ್ಸು ಶಿರಾಲಿ ದಾಟುವಾಗ ಎಷ್ಟು ಯೋಚಿಸಿದರೂ ಯಾವ ಕೆಲಸವೆಂದು ನೆನಪಾಗಲಿಲ್ಲ.

ದೀಪಾ ಹಿತ್ತಲಲ್ಲಿ ಕೂತು ಬಂಗುಡೆ ಹೆರೆಯುತ್ತಿದ್ದಳು. ಅವಳನ್ನು ಕಂಡದ್ದೇ ಅವನು ಮಾತಾಡಿಸದೆ ಒಳಗೆ ಓಡಿ ಮೇನ್ ಸ್ವಿಚ್ಚು ಕೆಳಗೆಳೆದ. ಅವಳು ಮೀನಿನ ಕೈಯಲ್ಲೇ ಎದ್ದು ಬಂದಳು. "ಎಂತ ಆತು ಅಣ್ಣ? ಆಯಿಗೆ ಎಂತಾದ್ರೂ ಆತಾ?"

"ಬಚ್ಚಲ ನಲ್ಲಿ ಮುಟ್ಬೇಡ. ಯಾರೂ ಮುಟ್ಬೇಡಿ. ಕರೆಂಟ್ ಹೊಡೀತದೆ," ಎಂದ. ಬೆಳಗಿನದನ್ನೆಲ್ಲ ತುಂಡುತುಂಡಾಗಿ ಹೇಳಿದ. ಗಿರಣಿ, ಟೆಸ್ಟರಿನ ಕಿಡಿ, ಕಂಬ ಹತ್ತಿದ್ದು. ಹೇಳುತ್ತ ಹೇಳುತ್ತ ಬೋರ್ಡಿನ ಸ್ಕ್ರೂ ಬಿಚ್ಚತೊಡಗಿದ್ದ. ಅವಳು ಹೆದರಬೇಕಾಗಿತ್ತು, ಅಳಬೇಕಾಗಿತ್ತು. ಅವಳು ನೆಲ ನೋಡುತ್ತ, "ಬಿಸಿಲಲ್ಲಿ ಬಂದೆ. ಮೊದಲು ಆಸ್ರಿಗೆ ಕುಡೀಲಿಕ್ಕೆ ಎಂತ ಕೊಡ್ಲಿ ಹೇಳು. ಅದನ್ನ ಬಿಡು ಈಗ," ಎಂದಳು. "ಬಿಡು ಅಣ್ಣ, ಬಿಚ್ಬೇಡ." ಅಷ್ಟರಲ್ಲಿ ಮುಚ್ಚಳ ಕೈಗೆ ಬಂದಿತ್ತು.

ಒಳಗಿದ್ದ ತಂತಿಗಳು ಅವನವಲ್ಲ. ದಪ್ಪಗಿದ್ದವು, ಬೇರೆ ಕಂಪನಿಯವು, ಅವನು ಯಾವತ್ತೂ ಮಾಡದ ರೀತಿಯಲ್ಲಿ ತುದಿಗಳಿಗೆ ಪುಟ್ಟ ತಗಡಿನ ಬಳೆ ತೊಡಿಸಿ ಬಿಗಿದಿದ್ದವು. ಪಕ್ಕದ ಬೋರ್ಡು ಬಿಚ್ಚಿದ. ಅಲ್ಲೂ ಹಾಗೆಯೇ. ಮೇಲಿನ ಹಲಗೆ, ಸ್ವಿಚ್ಚುಗಳ ಸಾಲು, ಮೂಲೆಯಲ್ಲಿ ಅವನು ಚಂದಕ್ಕೆಂದು ಎಳೆದಿದ್ದ ಸಣ್ಣ ಕಂದು ಗೆರೆ, ಎಲ್ಲ ಅವನದೇ. ಹಿಂದಿನದೆಲ್ಲ ಬೇರೆ ಯಾರದೋ. ಹಿತ್ತಲ ಬಾಗಿಲಿಗೆ ಹೋಗಿ ನೋಡಿದ. ಗೋಡೆಯ ಬುಡದಲ್ಲಿ ಬಿದಿರಿನ ಹೆಡಗೆಯೊಂದನ್ನು ಬೋರಲು ಹಾಕಿತ್ತು. ಎತ್ತಿದರೆ ಕೆಳಗೆ ಸಿಮೆಂಟಿನ ಚೌಕ, ನಡುವೆ ಮಣ್ಣಿಗಿಳಿದ ಕೊಳವೆ, ಅದಕ್ಕೆ ಕಟ್ಟಿದ ದಪ್ಪ ಪಟ್ಟಿ. ಹೆಡಗೆಯನ್ನು ಅವನು ಮೊದಲು ಎಷ್ಟೋ ಸಲ ಅಲ್ಲಿ ನೋಡಿದ್ದ. ಒಮ್ಮೆ ಅದನ್ನು ನೆಟ್ಟಗೆ ಇಡಿ ಎಂದೂ ಹೇಳಿದ್ದ.

ರಾತ್ರಿಯೆಲ್ಲ ಲಾರಿ ಓಡಿಸಿ ಬಂದು ಮಲಗಿದ್ದ ರೂಪೇಶ ಲುಂಗಿ ಬಿಗಿದುಕೊಳ್ಳುತ್ತ ಎದ್ದು ಬಂದ. ಬಿಚ್ಚಿದ ಬೋರ್ಡು ನೋಡಿದ, ಹೆಂಡತಿಯ ಮುಖ ನೋಡಿದ. "ಮೂರು ವರ್ಷ ಆತು ಭಾವ," ಎಂದ, ತಾನೇ ಕ್ಷಮೆ ಕೇಳುವವನಂತೆ. "ಬೋರ್ಡು ಚಂದ ಇತ್ತು. ಅದಕ್ಕೇ ಇಟ್ಕಂಡ್ವಿ."

"ನಂಗೆ ಒಂದು ಮಾತು ಹೇಳ್ಬೇಕಾಗಿತ್ತು."

ನಿತ್ಯಾನಂದನಿಗೆ ಈ ಮನೆಗೆ ಬಂದಾಗಲೆಲ್ಲ ತಾನು ಸ್ವಿಚ್ಚು ಹಾಕಿ ತೆಗೆದು, ಇಷ್ಟು ವರ್ಷ ಆದರೂ ಒಂದು ತಕರಾರಿಲ್ಲ ನೋಡು, ಎನ್ನುತ್ತಿದ್ದುದೂ, ಹೌದು ಭಾವ ಎಂದು ರೂಪೇಶ ತಲೆಯಾಡಿಸುತ್ತಿದ್ದುದೂ ಒಂದರ ಮೇಲೊಂದು ಬಂದು ಬಡಿದವು. ತಲೆ ಎತ್ತಲಾಗಲಿಲ್ಲ. ಕೊನೆಗೆ ದೀಪಾ ಹೇಳಿದಳು. "ಆಯಿ ಇಲ್ಲಿಗೆ ಬಂದು ಉಳಿದಾಗ ಬಚ್ಚಲಲ್ಲಿ ಬಿದ್ಲು. ನಲ್ಲಿ ಹಿಡಿದ ಕೈ ಬಿಡ್ಸಿಕೊಳ್ಳಲಿಕ್ಕೆ ಆಗ್ಲಿಲ್ಲ ಅವಳಿಗೆ. ಇವ್ರು ಓಡಿ ಹೋಗಿ ಮೇನ್ ತೆಗೆದ್ರು. ಮಾರನೇ ದಿನವೇ ಜನ ಕರ್ಸಿ ಎಲ್ಲ ಮಾಡ್ಸಿದ್ದು. ನಿಂಗೆ ಹೇಳ್ತೆ ಅಂತ ಫೋನು ಹಿಡ್ಕಂಡೆ. ಆಯಿ ಕೈಮುಗಿದ್ಲು ಅಣ್ಣ, ಅಂವಗೆ ಹೇಳ್ಬೇಡಿ ಅಂತ."

"ನಮ್ಮನೆ ನಲ್ಲಿ ಹಾಗೇ ಇತ್ತಲ್ಲ! ಅಲ್ಲೇ ಅವಳು ಮೀಯುದು. ನೇತ್ರಾ ಮೀಯುದು."

"ಅದಕ್ಕೆ ಆಯಿ, ನಾ ನೋಡ್ಕಳ್ತೆ ಅಂದ್ಲು. ಯಾರು ಬಚ್ಚಲಿಗೆ ಹೋದ್ರೂ ಮೇನ್ ಬಂದ್ ಮಾಡ್ತೆ ಅಂದ್ಲು."

ಅವನು ಅಲ್ಲೇ ಬಾವಿಕಟ್ಟೆಯ ಮೇಲೆ ಕೂತ. ರೂಪೇಶ ನೀರು ತಂದುಕೊಟ್ಟು, ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. ಇವನು ತನ್ನನ್ನು ತಾತ್ಸಾರ ಮಾಡುತ್ತಾನೆಂದು ನಿತ್ಯಾನಂದ ಇಷ್ಟು ಕಾಲ ತಿಳಿದಿದ್ದ. ಈ ಮನುಷ್ಯ ನಿದ್ದೆಗಣ್ಣಲ್ಲಿ ಓಡಿಹೋಗಿ ಆಯಿಯನ್ನು ಉಳಿಸಿ, ಅದನ್ನು ಬಾಯಿಬಿಡದೆ, ತನ್ನ ಬಡಾಯಿಗೆ ತಲೆಯಾಡಿಸುತ್ತ ಬಂದಿದ್ದ. ಏನಾದರೂ ಹೇಳಬೇಕು. "ರೂಪೇಶ," ಎಂದ. "ಊಟ ಮಾಡ್ಕಂಡು ಹೋಗಿ ಭಾವ. ಬಂಗುಡೆ ತಾಜಾ ಇತ್ತು," ಎಂದ ರೂಪೇಶ. ಉಂಡ. ರುಚಿ ತಿಳಿಯಲಿಲ್ಲ, ಆದರೂ ಮತ್ತೊಮ್ಮೆ ಬಡಿಸಿಕೊಂಡ. ಬೇಡವೆನ್ನುವ ಧೈರ್ಯ ಆಗಲಿಲ್ಲ.

ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಣೆ ಹಾಕಿಕೊಂಡು ಆಯಿ ಗಾಳಿಯಿಲ್ಲದ ಮೂಲೆಯಲ್ಲಿ ಕೂತಿದ್ದಾಳೆ. ಬಚ್ಚಲ ಬಾಗಿಲ ಅಗಳಿಯ ಸದ್ದಿಗೆ ಕಿವಿಗೊಟ್ಟಿದ್ದಾಳೆ. ಸದ್ದಾದದ್ದೇ ಮಂಡಿ ಹಿಡಿದು ಏಳುತ್ತಾಳೆ, ಕೈ ಚಾಚಿ ಹಿಡಿಕೆ ಎಳೆಯುತ್ತಾಳೆ, ಒಳಗಿನಿಂದ ಮಗ ಶಪಿಸುವುದನ್ನು ಕೇಳುತ್ತ ನಿಲ್ಲುತ್ತಾಳೆ. ಮಳೆಗಾಲ, ಚಳಿ, ಜ್ವರ ಬಂದ ದಿನ. ದಿನಾ. ಅವನ ಎದೆ ತುಂಬಿ ಬಂತು. ತನ್ನ ಮನಸ್ಸು ನೋಯಬಾರದೆಂದು ಇಷ್ಟೆಲ್ಲ ಮಾಡಿದಳಲ್ಲ ಎಂಬ ಯೋಚನೆಯಲ್ಲಿ ಒಂದು ಬಗೆಯ ಸಿಹಿಯೂ ಇತ್ತು, ಕಣ್ಣೊರೆಸಿಕೊಂಡ. ಆದರೆ ಮಂಕಿ ದಾಟುವಷ್ಟರಲ್ಲಿ ಆ ಸಿಹಿ ಹೇಗೋ ಹುಳಿಯಾಗಿ, ಒಳಗಿನಿಂದ ಸಿಟ್ಟು ಏಳತೊಡಗಿತು. ಹೆಂಡತಿ, ತಾಯಿ, ತಂಗಿ, ತಂಗಿಯ ಗಂಡ, ಎಲ್ಲರೂ ಸೇರಿ ತನ್ನನ್ನು ಬೆಪ್ಪನಂತೆ ಕೂರಿಸಿದ್ದರು. ತನ್ನೂರು ಹಳದೀಪುರದಲ್ಲಿ ಇಳಿದವನು ಬಿರಬಿರನೆ ಮನೆಯ ಕಡೆ ನಡೆದ.

ಮುಸ್ಸಂಜೆ. ಮನೆಯಲ್ಲಿ ಚಿಮಣಿ ಬುಡ್ಡಿ ಹಚ್ಚಿಟ್ಟಿದ್ದರು. ನಡುಮನೆಯ ನೆಲದ ಮೇಲೆ ಸಣ್ಣಮ್ಮ ಗೋಡೆಗೊರಗಿ ಕೂತಿದ್ದಳು. ನೇತ್ರಾ ಕರಗುತ್ತಿದ್ದ ಫ್ರಿಜ್ಜಿನಿಂದ ಪಾತ್ರೆಗಳನ್ನು ತೆಗೆದಿಡುತ್ತಿದ್ದಳು. ಅವನು ಚೀಲ ಕೆಳಗಿಟ್ಟ.

"ದೀಪಾ ಊಟ ಹಾಕಿದ್ಲಾ?" ಎಂದಳು ಸಣ್ಣಮ್ಮ. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅಂದರೆ ದೀಪಾ ಫೋನು ಮಾಡಿ ಹೇಳಿಯಾಗಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ಆಯಿ?" ಅವನು ಎಣಿಸಿದ್ದಕ್ಕಿಂತ ದನಿ ಗಟ್ಟಿಯಾಗಿ ಬಂತು.

ಅವಳು ಸೆರಗಿನ ಅಂಚನ್ನು ಮಡಚಿದಳು, ಬಿಡಿಸಿದಳು. "ಹೆದ್ರಿಕೆ," ಎಂದಳು.

"ಹೆದ್ರಿಕೆ ಇದ್ರೆ ಹೇಳ್ಬೇಕಾಗಿತ್ತಲ್ಲ? ಕರೆಂಟು ಅಂದ್ರೆ ಆಟಿಕೆಯಾ?"

"ಕರೆಂಟಿಗಲ್ಲ ಮಗಾ."

ಬುಡ್ಡಿಯ ಬೆಳಕು ಅವಳ ಮುಖದ ಒಂದೇ ಬದಿಗೆ ಬೀಳುತ್ತಿತ್ತು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅದು ತನ್ನ ಬಗ್ಗೆ ಆಡಿದ ಮಾತೆಂದು ನಂಬಲಾಗಲಿಲ್ಲ. ತರಗತಿಯಲ್ಲೂ ಕೋಲು ಹಿಡಿದವನಲ್ಲ ಅವನು. ಮನೆಯಲ್ಲಿ ದನಿ ಎತ್ತಿದ್ದು, ಯೋಚಿಸಿದರೆ, ಇದೇ ಮೊದಲು. "ನಾನು ಯಾವಾಗ ಬೈದಿದ್ದೆ ನಿಂಗೆ?" ಎಂದ.

"ಬೈದಿದ್ರೆ ಚಲೋ ಇತ್ತು," ಎಂದಳು ನೇತ್ರಾ, ಪಾತ್ರೆಯ ಕಡೆಯೇ ನೋಡುತ್ತ. "ಬೈದು ಮುಗಿಸಿದ್ರೆ ಅಡ್ಡಿಲ್ಲಾಗಿತ್ತು. ನೀವು ಮಾತು ಬಿಡ್ತ್ರಿ. ನೀವು ಗೋಡೆ ಗೂಡಿಗೆ ಹಾಕಿದ ಹಲಗೆ ವಾಲಿದೆ ಅಂದೆ ಒಂದ್ಸಲ. ಅಷ್ಟೇ ಅಂದದ್ದು. ನೀವು ಹಲಗೆ ಕಿತ್ತು ಒಲೆಗೆ ಹಾಕಿದ್ರಿ. ಆಮೇಲೆ ಉಣ್ಣುವಾಗ ಬಡಿಸ್ಲಾ ಅಂದ್ರೆ ಉತ್ತರ ಇಲ್ಲ. ಮಲಗುವಾಗ ಗೋಡೆ ಕಡೆ ತಿರುಗುದು. ಎಷ್ಟು ದಿನ ಅಂತ ನಂಗೂ ನೆನಪಿಲ್ಲ. ಅತ್ತೆ ನಿಮ್ಮ ಹತ್ರ ಬಂದು, ಅವಳದ್ದು ತಪ್ಪಾತು ಅಂತ ಹೇಳಿದ ಮೇಲೆ ಮುಗೀತು." ಅವಳು ಬಟ್ಟೆಯಿಂದ ಕೈ ಒರೆಸಿಕೊಂಡು ಈಗ ಅವನನ್ನು ನೋಡಿದಳು. "ಗಿರಣಿ ನಂಗೆ ಬೇಕೇ ಬೇಕು. ಅದು ನೆವ ಅಲ್ಲ. ಆದ್ರೆ ಅದಕ್ಕೆ ಆಫೀಸಿನವರು ಬಂದು ಮನೆ ನೋಡ್ತ್ರು ಅಂತ ಗೊತ್ತಾದಾಗ ನಾನೂ ಅತ್ತೆಯೂ ಮರುದಿನವೇ ಹೋಗಿ ಅರ್ಜಿ ಕೊಟ್ವಿ. ನಾವು ಹೇಳಿದ್ರೆ ಆಗುದಿಲ್ಲ. ಹೊರಗಿನವರಾದ್ರೂ ಹೇಳ್ಲಿ ಅಂತ."

ಅವನು ನಿಂತೇ ಇದ್ದ. ಹಲಗೆ ಅವನಿಗೆ ನೆನಪಿತ್ತು. ಆ ದಿನ ತಾನು ಎಷ್ಟು ತಾಳ್ಮೆಯಿಂದ, ಒಂದು ಕೆಟ್ಟ ಮಾತೂ ಆಡದೆ ಸುಮ್ಮನಿದ್ದೆ ಎಂದು ಅವನು ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಂಡದ್ದು ನೆನಪಿತ್ತು. ಗೋಡೆಯ ಕಡೆ ತಿರುಗಿ ಮಲಗಿದಾಗ ಹಿಂದೆ ಇವಳು ಎಚ್ಚರವಾಗಿಯೇ ಇದ್ದಳು ಎಂಬುದು ಆಗಲೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ತಿರುಗಿದ್ದ. ಈಗಲೂ ಒಳಗೆ ಅದೇ ತಯಾರಾಗುತ್ತಿತ್ತು. ನಾಲಗೆ ಹಿಂದಕ್ಕೆ ಸರಿದು, ತುಟಿ ಮುಚ್ಚಿ, ಕೋಣೆಗೆ ಹೋಗಿ ಬಾಗಿಲು ಒರಗಿಸಿ ಮಲಗಿಬಿಡುವ ಆ ಹಳೆಯ, ಸಲೀಸಾದ ದಾರಿ. ಕಾಲು ಆ ಕಡೆ ಒಂದು ಹೆಜ್ಜೆ ಇಟ್ಟೂ ಬಿಟ್ಟಿತು. ಇಬ್ಬರು ಹೆಂಗಸರೂ ಉಸಿರು ಹಿಡಿದು ಆ ಹೆಜ್ಜೆಯನ್ನೇ ನೋಡುತ್ತಿದ್ದರು. ಹಾಗೆ ನೋಡುವುದನ್ನು ಅವನು ಕಂಡ. ಕಂಡು, ನಿಂತ.

"ಇನ್ನೆಂತ ಹೇಳ್ದೆ ಇಟ್ಟಿದ್ರಿ?" ಎಂದ.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ನೇತ್ರಾ ತಡೆದಳು, ಆಮೇಲೆ ನೀರಿನ ಆಳ ನೋಡಲು ಒಂದೇ ಕಾಲು ಇಳಿಸುವವಳಂತೆ ಹೇಳಿದಳು. "ಅಡುಗೆಮನೆ ಕಟ್ಟೆ ಎತ್ತರ ಆತು. ನಿಮ್ಮ ಎತ್ತರಕ್ಕೆ ಕಟ್ಟಿದ್ದು. ದೋಸೆ ಹೊಯ್ಯುದಿದ್ರೆ ನಾ ಮಣೆ ಮೇಲೆ ನಿಲ್ಲುದು."

ಕಟ್ಟೆಯ ಮುಂದಿನ ಆ ಮಣೆಯನ್ನು ಅವನು ದಿನಾ ನೋಡಿದ್ದ. ನೆಲ ತಂಪೆಂದು ಹಾಕಿಕೊಂಡಿದ್ದಾಳೆ ಎಂದುಕೊಂಡಿದ್ದ. ಕಟ್ಟೆ ಯಾಕೆ ಅಷ್ಟೇ ಎತ್ತರವಿರಬೇಕು, ಅದರ ಅಂಚು ಕಿಟಕಿಯ ಅಂಚಿಗೆ ಹೇಗೆ ಕೂಡಿ ಬಂದಿದೆ, ಬಾಗಿಲಲ್ಲಿ ನಿಂತು ನೋಡಿದರೆ ಎಷ್ಟು ಚಂದ, ಎಲ್ಲ ವಿವರಣೆಯೂ ನಾಲಗೆಯ ತುದಿಗೆ ಬಂದು ಸಾಲುಗಟ್ಟಿತು. ಬಾಯಿ ತೆರೆದಿದ್ದ. ಮುಚ್ಚಿದ.

"ಇನ್ನೂ ಇದೆಯಾ?" ಎಂದ.

ಸಣ್ಣಮ್ಮ ಮಡಚಿದ್ದ ಕಾಲುಗಳನ್ನು ನಿಧಾನವಾಗಿ ಚಾಚಿ, ಮಂಡಿ ನೀವಿಕೊಂಡು, ತನ್ನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದಳು.

"ಕೂತ್ಕ ಮಗಾ," ಎಂದಳು. "ಸುಮಾರು ಹೊತ್ತು ಹಿಡೀತದೆ."